ಹೂಂಗುಟ್ಟಿದವರ ಲೆಕ್ಕ

ಮರಳೂರು, ತುಮಕೂರು
ಮೇ ೧೪, ಬುಧವಾರ

ಪ್ರೀತಿಯ ತಮ್ಮ ರೇಣುಕ,

ಶಿವ ನಿನ್ನನ್ನೂ ನಿನ್ನ ಮನೆಯವರನ್ನೂ ಚೆನ್ನಾಗಿಟ್ಟಿರಲಿ. ನಿನ್ನ ಗ್ಯಾಸ್ಟ್ರಿಕ್ ಹೇಗಿದೆ? ಬೆಳಿಗ್ಗೆ ಎದ್ದ ಕೂಡಲೇ ಖಾಲಿ ಹೊಟ್ಟೆಗೆ ಎರಡು ಲೋಟ ಕಾಫಿ ಸುರಿದುಕೊಳ್ಳುವ ಚಾಳಿಯನ್ನು ಕುಣಿಗಲ್‌ಗೆ ಹೋದ ಮೇಲಾದರೂ ಬಿಟ್ಟೆಯೋ ಇಲ್ಲವೋ. ಉಮಾಗೆ ಸೊಂಟನೋವು ಕಡಿಮೆಯಾಯಿತಾ? ಹುರುಳಿಕಾಳಿನ ಶಾಖ ತೆಗೆದುಕೊಳ್ಳಲು ಹೇಳು, ನಿನ್ನ ಕೈಯಲ್ಲೇ ಕೊಡು, ಅದರಿಂದ ನಿನ್ನ ಕೈಗೇನೂ ಸವೆತ ಇಲ್ಲ. ಭೂಮಿಕಾ ಕಾಲೇಜಿಗೆ ಸೇರಿದಳು ಅಂತ ಪಕ್ಕದ ಮನೆಯವರಿಂದ ತಿಳಿಯಿತು. ನೀನೇ ಹೇಳಬಹುದಿತ್ತು, ಇರಲಿ. ನನ್ನ ಮಂಡಿ ಮಳೆ ಬರುವ ಹಿಂದಿನ ದಿನ ಹೇಳಿಬಿಡುತ್ತದೆ, ಉಳಿದ ದಿನ ಸುಮ್ಮನಿರುತ್ತದೆ. ಹಿತ್ತಿಲ ನಿಂಬೆಗಿಡ ಈ ಸಲ ಮನಸ್ಸಿಟ್ಟು ಕಾಯಿ ಬಿಟ್ಟಿದೆ. ಉಪ್ಪಿನಕಾಯಿ ಹಾಕಿಟ್ಟಿದ್ದೇನೆ, ಬಂದರೆ ಒಂದು ಜಾಡಿ ನಿನಗೆ.

ಇಲ್ಲಿಂದ ಕುಣಿಗಲ್‌ಗೆ ಬಸ್ಸಿನಲ್ಲಿ ಒಂದು ಗಂಟೆ ದಾರಿ, ಕೈಯಲ್ಲಿ ಫೋನಿದೆ, ಈ ಅಕ್ಕನಿಗೆ ಕಾಗದ ಬರೆಯುವ ಹುಚ್ಚು ಯಾಕೆ ಹಿಡಿಯಿತು ಅಂತ ನಗಬೇಡ. ಫೋನಿನಲ್ಲಿ ನೀನು ಹೂಂ ಅಕ್ಕ, ಹೂಂ ಅಕ್ಕ ಅನ್ನುತ್ತೀಯ. ಆ ಕಡೆಯಿಂದ ಕೀಬೋರ್ಡು ಟಕಟಕ ಅನ್ನುವುದು ನನಗೆ ಕೇಳಿಸುತ್ತದೆ. ಯುಗಾದಿಗೆ ಬಂದು ಮರುದಿನ ಹೋದವನು ಈವರೆಗೆ ಒಂದು ಸಲವೂ ಹೊಸಿಲು ತುಳಿಯಲಿಲ್ಲ. ಶನಿವಾರ ಸಂಜೆ ಫೋನ್ ಮಾಡಿ ನಮ್ಮ ಜಾಲತಾಣಕ್ಕೆ ಐದು ಲೆಕ್ಕದ ಪ್ರಶ್ನೆ ಹೇಳಿಸಿಕೊಳ್ಳುತ್ತೀಯ, ಸೋಮವಾರ ಅಲ್ಲಿಂದಲೇ ಮಕ್ಕಳಿಗೆ ಕಳಿಸುತ್ತೀಯ, ಮತ್ತೆ ಶನಿವಾರ, ಅಕ್ಕ, ಈ ವಾರ ತೆರೆದವರು ಇಷ್ಟು ಅಂತ ಒಂದು ಅಂಕಿ ಹೇಳಿ ಇಡುತ್ತೀಯ. ಹೋದ ಶನಿವಾರ ನೀನು ಫೋನ್ ಮಾಡಿದಾಗ ನಾನು ಎತ್ತಲಿಲ್ಲ. ಯಾಕೆ ಎತ್ತಲಿಲ್ಲ ಅನ್ನುವುದೇ ಈ ಕಾಗದ.

ಅಪ್ಪನ ಹುಣಸೆಹಣ್ಣಿನ ಮಧ್ಯಾಹ್ನಗಳು ನಿನಗೆ ನೆನಪಿವೆಯಾ? ಶಿವರಾತ್ರಿ ಕಳೆದು ಬಿಸಿಲು ಏರಿದ ಮೇಲೆ ನಮ್ಮ ಜಗಲಿಯಲ್ಲಿ ಕಾಲಿಡಲು ಜಾಗವಿರುತ್ತಿರಲಿಲ್ಲ, ಅಷ್ಟು ಹುಣಸೆಹಣ್ಣು. ನಾವೆಲ್ಲ ಸುತ್ತ ಕೂತು ಕುಟ್ಟಿ ಬೀಜ ತೆಗೆಯಬೇಕು, ಕೈ ಸೋಲದ ಹಾಗೆ ಅಪ್ಪ ಕತೆ ಹೇಳಬೇಕು. ಊರಲ್ಲಿ ರುದ್ರಯ್ಯನ ಕತೆ ಅಂದರೆ ಬೇರೆ ಬೀದಿಯವರೂ ತಮ್ಮ ಮನೆಯ ಹಣ್ಣನ್ನು ಮೊರದಲ್ಲಿ ತುಂಬಿಕೊಂಡು ಬಂದು ನಮ್ಮ ಜಗಲಿಯಲ್ಲಿ ಕುಟ್ಟುತ್ತಿದ್ದರು. ಅಪ್ಪನ ಕತೆಗೆ ಇದ್ದದ್ದು ಒಂದೇ ಕಟ್ಟಳೆ, ಮಾತಿಗೊಂದು ಹೂಂ. ಹೂಂ ನಿಂತರೆ ರಾಜಕುಮಾರ ಒಂದು ಕಾಲನ್ನು ಕುದುರೆಯ ಮೇಲೆ, ಇನ್ನೊಂದನ್ನು ನೆಲದ ಮೇಲೆ ಇಟ್ಟುಕೊಂಡು ಹಾಗೇ ನಿಂತಿರಬೇಕು. ನೀನು ಎಲ್ಲರಿಗಿಂತ ಚಿಕ್ಕವನು. ಆ ಶೆಕೆಗೆ ನಿನಗೆ ಕಣ್ಣು ಎಳೆಯುತ್ತಿತ್ತು, ಕೈಯಲ್ಲಿದ್ದ ಹಣ್ಣು ಜಾರಿ ಬೀಳುತ್ತಿತ್ತು, ಹೂಂ ಮಾತ್ರ ನಿಲ್ಲುತ್ತಿರಲಿಲ್ಲ. ಅಪ್ಪ ನಮ್ಮ ಕಡೆ ಕಣ್ಣು ಮಿಟುಕಿಸಿ ಅದೇ ರಾಗದಲ್ಲಿ, ಆಮೇಲೆ ಆನೆ ಗುಬ್ಬಚ್ಚಿಯ ಗೂಡಿಗೆ ಹೋಗಿ ನಾಲ್ಕು ಮೊಟ್ಟೆ ಇಟ್ಟಿತು ಅನ್ನುವರು. ನೀನು, ಹೂಂ. ಅದರಲ್ಲೊಂದು ಮೊಟ್ಟೆ ಒಡೆದು ನಮ್ಮ ಶಾನುಭೋಗರು ಹೊರಗೆ ಬಂದರು. ಹೂಂ. ಬಂದವರೇ ನಿನ್ನ ಚಡ್ಡಿ ಹಾಕಿಕೊಂಡು ಕಛೇರಿಗೆ ಹೋದರು. ಹೂಂ. ಜಗಲಿಯೆಲ್ಲ ನಗು. ನಿನಗೆ ಎಚ್ಚರವಾಗಿ, ಯಾಕೆ ನಗುತ್ತಾರೆ ಅಂತ ಗೊತ್ತಾಗದೆ, ನೀನೂ ನಗುತ್ತಿದ್ದೆ. ಅಪ್ಪ ನಿನ್ನ ತಲೆ ಸವರಿ ನಮಗೆ ಹೇಳುತ್ತಿದ್ದ ಮಾತು ನಿನಗೆ ಕೇಳಿಸಿರಲಿಕ್ಕಿಲ್ಲ, ಅಷ್ಟರಲ್ಲಿ ಮತ್ತೆ ನಿದ್ದೆ ಹೋಗಿರುತ್ತಿದ್ದೆ. ಹೂಂ ಅನ್ನೋನ್ನ ನಂಬಬೇಡ್ರಲಾ, ಆಮೇಲೇನಾಯ್ತು ಅಂತ ಕೇಳೋನ್ನ ನಂಬಿ, ಅನ್ನುತ್ತಿದ್ದರು.

ಇದನ್ನು ಯಾಕೆ ಎತ್ತಿದೆ ಅಂತ ನಿನಗೆ ಈಗಾಗಲೇ ಅರ್ಥವಾಗಿರಬೇಕು. ಅರ್ಥವಾಗದಿದ್ದರೆ ಮುಂದೆ ಓದು.

ಮೂರು ವರ್ಷದ ಹಿಂದೆ ನಾನು ಹೈಸ್ಕೂಲಿನಿಂದ ರಿಟೈರ್ ಆಗಿ ಬಂದು ಈ ಮನೆಯಲ್ಲಿ ಗೋಡೆ ನೋಡುತ್ತಾ ಕೂತಿದ್ದಾಗ, ಅಕ್ಕ, ನೀನು ಕ್ಲಾಸಿನಲ್ಲಿ ಹೇಳುತ್ತಿದ್ದ ಲೆಕ್ಕದ ಕತೆಗಳನ್ನೆಲ್ಲ ರೆಕಾರ್ಡ್ ಮಾಡೋಣ, ಕನ್ನಡದಲ್ಲಿ ಓದೋ ಮಕ್ಕಳಿಗೆ ಒಂದು ಜಾಲತಾಣ ಮಾಡೋಣ ಅಂದವನು ನೀನೇ. ಆ ಉಪಕಾರವನ್ನು ನಾನು ಮರೆತಿಲ್ಲ. ಲೆಕ್ಕದ ಜಗಲಿ ಅಂತ ಹೆಸರಿಟ್ಟವಳು ನಾನು, ಉಳಿದದ್ದೆಲ್ಲ ನೀನು. ಇಬ್ಬರೂ ಗುಬ್ಬಿ ತಾಲ್ಲೂಕಿನ ಶಾಲೆಗಳಿಗೆ ಹೋಗಿ ಒಂದು ನೋಟ್‌ಬುಕ್ ತಿರುಗಿಸಿದೆವು. ಮಕ್ಕಳು ಹೆಸರು, ತರಗತಿ, ಇ-ಮೇಲ್ ವಿಳಾಸ ಬರೆದು ಕೊಟ್ಟರು. ನಾನೂರ ಹನ್ನೆರಡು ಮಕ್ಕಳು. ಪ್ರತಿ ಸೋಮವಾರ ಅವರಿಗೆ ಒಂದು ಪತ್ರ, ಪತ್ರದಲ್ಲಿ ಆ ವಾರದ ಪಾಠಕ್ಕೆ ದಾರಿ. ಪತ್ರವನ್ನು ಯಾರು ತೆರೆದರು, ಜಾಲತಾಣಕ್ಕೆ ಯಾರು ಬಂದರು, ಎಷ್ಟು ಹೊತ್ತು ಕೂತರು, ಎಲ್ಲ ಇಲ್ಲಿ ಗೊತ್ತಾಗುತ್ತೆ ಅಕ್ಕ ಅಂತ ನೀನು ಕಂಪ್ಯೂಟರಿನಲ್ಲಿ ಗೆರೆ ತೋರಿಸಿದೆ. ಆ ಗೆರೆ ಮೇಲಕ್ಕೆ ಏರಿದ ದಿನ ನಾನು ಶಾವಿಗೆ ಪಾಯಸ ಮಾಡಿದ್ದೆ. ನಾನೂರ ಹನ್ನೆರಡರಲ್ಲಿ ಮುನ್ನೂರ ಎಂಬತ್ತು ಜನ ತೆರೆದಿದ್ದರು. ನಲವತ್ತು ಮಕ್ಕಳಿರುವ ಕ್ಲಾಸಿನಲ್ಲೇ ನನ್ನ ಮಾತನ್ನು ಮೂವತ್ತು ಜನ ಕೇಳಿದ್ದರೆ ಹೆಚ್ಚು, ಇಲ್ಲಿ ಮುನ್ನೂರ ಎಂಬತ್ತು. ಅಪ್ಪನ ಜಗಲಿಯೂ ಇಷ್ಟು ದೊಡ್ಡದಿರಲಿಲ್ಲ ಅಂದುಕೊಂಡೆ.

ಆಮೇಲೆ ನೀನು ಗೆರೆಯನ್ನು ಹಿಡಿದುಕೊಂಡು ನನ್ನನ್ನು ತಿದ್ದಲು ಶುರುಮಾಡಿದೆ. ಎಲ್ಲರೂ ತೆರೀತಾರೆ ಅಕ್ಕ, ಆದರೆ ನಾಲ್ಕೇ ಸೆಕೆಂಡು ಇರ್ತಾರೆ, ಈಗಿನ ಮಕ್ಕಳ ಗಮನ ಇಷ್ಟೇ, ನಿನ್ನ ಕತೆ ಉದ್ದ ಆಯ್ತು ಅಂದೆ. ನಾನು ಇಪ್ಪತ್ತಮೂರು ನಿಮಿಷದ ಕತೆಯನ್ನು ಹದಿನೈದಕ್ಕೆ ಇಳಿಸಿದೆ, ಹದಿನೈದನ್ನು ಆರಕ್ಕೆ. ಆದರೂ ನಾಲ್ಕೇ ಸೆಕೆಂಡು. ನಾಲ್ಕು ಸೆಕೆಂಡಿನಲ್ಲಿ ರಾಜನನ್ನು ಸಿಂಹಾಸನದ ಮೇಲೆ ಕೂರಿಸಲೂ ಆಗುವುದಿಲ್ಲವಲ್ಲೋ ಅಂತ ನಾನು ನಕ್ಕರೆ ನೀನು ನಗಲಿಲ್ಲ. ಒಬ್ಬರು ಮಾತ್ರ ಬೇರೆ ಥರ ಇದ್ದರು, ನೆನಪಿದೆಯಾ? ಕೆಲಸದ ದಿನ ಮಧ್ಯಾಹ್ನ ಒಂದು ಗಂಟೆ ಹತ್ತು ನಿಮಿಷಕ್ಕೆ ತುಮಕೂರಿನಿಂದ ಒಬ್ಬರು ಜಾಲತಾಣಕ್ಕೆ ಬರುವರು, ಇಪ್ಪತ್ತು ಇಪ್ಪತ್ತೈದು ನಿಮಿಷ ಇರುವರು, ಹೋಗುವರು. ಭಾನುವಾರ ಇಲ್ಲ. ಇದು ಯಾರೋ ಅಂತ ನಾನು ಕೇಳಿದ್ದಕ್ಕೆ ನೀನು, ಯಾರೋ ಫೋನ್ ತೆರೆದಿಟ್ಟು ಊಟಕ್ಕೆ ಹೋಗೋರು ಬುಡು ಅಕ್ಕ, ಇವರಿಂದ ನಮ್ಮ ಸರಾಸರಿ ಕೆಡುತ್ತೆ ಅಂದೆ. ಅಂದವನೇ ಆ ಒಬ್ಬರನ್ನು ಲೆಕ್ಕದಿಂದ ತೆಗೆದುಹಾಕಿದೆ. ಗಣೇಶನ ಹಬ್ಬದ ಮಾರನೇ ವಾರ ಮೂವತ್ತೊಂದು ಕತೆಪಾಠಗಳನ್ನೂ ಜಾಲತಾಣದಿಂದ ಇಳಿಸಿದೆ. ಕುಣಿಗಲ್‌ನ ವಿದ್ಯಾಸಂಸ್ಥೆಯವರು ನೋಡಲು ಬರುತ್ತಾರೆ, ಅವರಿಗೆ ಪ್ರಶ್ನೆಕೋಶ ಬೇಕು, ಕತೆ ಕಂಡರೆ ಚಿಕ್ಕ ಮಕ್ಕಳದ್ದು ಅಂದುಕೊಳ್ಳುತ್ತಾರೆ ಅಂತ ಕಾರಣ ಕೊಟ್ಟೆ. ಬಂದರು, ನೋಡಿದರು, ಮುನ್ನೂರ ಎಂಬತ್ತು ಅನ್ನುವ ಅಂಕಿಯನ್ನು ಕಂಡು ತಲೆದೂಗಿದರು. ಸಂಕ್ರಾಂತಿಗೆ ಅವರ ವಿದ್ಯಾಸಂಸ್ಥೆಯಲ್ಲಿ ನಿನಗೊಂದು ಕುರ್ಚಿ, ಕುರ್ಚಿಯ ಹಿಂದೆ ಹೆಸರಿನ ಫಲಕ. ನಾನು ಖುಷಿಯಿಂದಲೇ ಕಳಿಸಿಕೊಟ್ಟೆ. ನಿನ್ನ ಚೀಲಕ್ಕೆ ಚಟ್ನಿಪುಡಿ ಕಟ್ಟಿದ್ದೂ ನಾನೇ.

ಈಗ ಗುಬ್ಬಿಯ ಕತೆ ಹೇಳುತ್ತೇನೆ. ಹೋದ ವಾರದ ಸೋಮವಾರ ಊರಿನ ಜಮೀನಿನ ಪಹಣಿ ತೆಗೆಸಲು ಗುಬ್ಬಿಗೆ ಹೋಗಿದ್ದೆ. ಬಸ್ ಸ್ಟ್ಯಾಂಡಿನ ಹತ್ತಿರ ಶಿವಮೂರ್ತಿಯ ಸೈಬರ್ ಸೆಂಟರ್ ಇದೆಯಲ್ಲ, ನನ್ನ ಹಳೇ ವಿದ್ಯಾರ್ಥಿ, ಭಿನ್ನರಾಶಿ ಕಂಡರೆ ಜ್ವರ ಬರುತ್ತಿದ್ದವನು. ನನ್ನನ್ನು ಕಂಡು ಎದ್ದು ನಿಂತ, ತನ್ನ ಪಕ್ಕದ ಸ್ಟೂಲಿನಲ್ಲಿ ಕೂರಿಸಿದ, ಎರಡು ನಿಮಿಷ ಮೇಡಂ, ಬೆಳಗಿನ ಪೂಜೆ ಮುಗಿಸಿಬಿಡ್ತೀನಿ ಅಂದ. ಊದುಬತ್ತಿ ಹಚ್ಚುತ್ತಾನೆ ಅಂತ ನೋಡಿದರೆ ಅವನ ಪೂಜೆ ಕಂಪ್ಯೂಟರಿಗೆ. ತೆರೆಯ ತುಂಬ ಕಪ್ಪು ಅಕ್ಷರದ ಸಾಲುಗಳು, ಎಲ್ಲ ಸಾಲಿನಲ್ಲೂ ಲೆಕ್ಕದ ಜಗಲಿ, ಲೆಕ್ಕದ ಜಗಲಿ, ಲೆಕ್ಕದ ಜಗಲಿ. ಒಂದನ್ನು ಒತ್ತುತ್ತಾನೆ, ನನ್ನ ಐದು ಪ್ರಶ್ನೆ ಬರುತ್ತವೆ, ಮುಚ್ಚುತ್ತಾನೆ. ಇನ್ನೊಂದು ಒತ್ತುತ್ತಾನೆ, ಮುಚ್ಚುತ್ತಾನೆ. ಒಂದು ಕೈ ಮೌಸಿನ ಮೇಲೆ, ಇನ್ನೊಂದರಲ್ಲಿ ಟೀ. ಕಣ್ಣು ರಸ್ತೆಯ ಮೇಲೆ. ನಾನು ಮನಸ್ಸಿನಲ್ಲೇ ಎಣಿಸಿದೆ, ಒಂದು ಎರಡು ಮೂರು ನಾಲ್ಕು. ಸರಿಯಾಗಿ ನಾಲ್ಕು ಸೆಕೆಂಡು ಕಣೋ ರೇಣುಕ.

ಇವೆಲ್ಲ ನಿನಗೆ ಯಾಕಪ್ಪ ಬರ್ತವೆ ಅಂತ ಕೇಳಿದೆ. ಅವನು ಏನೂ ಮುಚ್ಚಿಡದೆ ಹೇಳಿದ. ಸ್ಕಾಲರ್‌ಶಿಪ್ ಅರ್ಜಿ ಹಾಕಲು ಮಕ್ಕಳಿಗೆ ಇ-ಮೇಲ್ ಬೇಕು, ಹಳ್ಳಿ ಮಕ್ಕಳಿಗೆ ಎಲ್ಲಿಂದ ಬರಬೇಕು, ಅದಕ್ಕೇ ಇವನೇ ಎಲ್ಲರಿಗೂ ಒಂದೊಂದು ವಿಳಾಸ ಮಾಡಿಕೊಟ್ಟಿದ್ದಾನೆ, ಎಲ್ಲವೂ ತನ್ನ ಒಂದೇ ಡಬ್ಬಕ್ಕೆ ಬಂದು ಬೀಳುವ ಹಾಗೆ ಮಾಡಿಟ್ಟಿದ್ದಾನೆ. ನಾವು ನೋಟ್‌ಬುಕ್ ತಿರುಗಿಸಿದಾಗ ಮಕ್ಕಳು ಮನೆಗೆ ಹೋಗಿ ಆ ಅರ್ಜಿಯ ಜೆರಾಕ್ಸ್ ನೋಡಿಕೊಂಡು ಬರೆದು ತಂದಿವೆ. ತಮಗೊಂದು ವಿಳಾಸ ಇದೆ ಅನ್ನುವುದಷ್ಟೇ ಆ ಮಕ್ಕಳಿಗೆ ಗೊತ್ತು. ತೆಗೀದೆ ಕಪ್ಪಗೇ ಬಿಟ್ರೆ ಹೊಸ ಒಟಿಪಿ ಬಂದಿದ್ದು ಕಾಣಲ್ಲ ಮೇಡಂ, ಅದಕ್ಕೆ ದಿನಾ ಎಲ್ಲಾನೂ ಒಂದ್ಸಲ ತೆಗೆದು ಬಿಳಿ ಮಾಡ್ಬಿಡ್ತೀನಿ ಅಂದ. ಮುನ್ನೂರ ಎಂಬತ್ತು ಮಕ್ಕಳು ಅಂತ ನಾನು ಪಾಯಸ ಮಾಡಿದ್ದು ಈ ಒಬ್ಬನ ಬೆರಳಿಗೆ. ಆನೆ ಮೊಟ್ಟೆ ಇಟ್ಟಿತು, ಹೂಂ. ಶಾನುಭೋಗರು ಹೊರಗೆ ಬಂದರು, ಹೂಂ.

ಅದನ್ನೂ ನುಂಗಿಕೊಳ್ಳುತ್ತಿದ್ದೆ. ತಪ್ಪು ಇಬ್ಬರದೂ, ನೋಟ್‌ಬುಕ್ ಹಿಡಿದು ನಿಂತವಳು ನಾನೇ ತಾನೇ. ಆದರೆ ಶಿವಮೂರ್ತಿ ಟೀ ಲೋಟ ಕೆಳಗಿಟ್ಟು ಇನ್ನೊಂದು ಮಾತು ಹೇಳಿದ. ನಿಮ್ಮ ತಮ್ಮನೋರಿಗೆ ಹೋದ ಶ್ರಾವಣದಲ್ಲೇ ಹೇಳಿದ್ದೆ ಮೇಡಂ, ಸರ್, ಇವೆಲ್ಲ ನನ್ನ ಹತ್ರಾನೇ ಬತ್ತಾವೆ, ಮಕ್ಕಳು ನೋಡಲ್ಲ ಅಂತ. ಅವ್ರು, ಬರ್ಲಿ ಬುಡಪ್ಪ, ನೀನು ತೆಗೀತಾ ಇರು ಅಂದ್ರು. ಹೀಗೆ ಹೇಳಿ ಅವನು ನನ್ನ ಪಹಣಿ ಪ್ರಿಂಟ್ ತೆಗೆದುಕೊಟ್ಟ. ನಾನು ಅದನ್ನು ಅಲ್ಲೇ ಸ್ಟೂಲಿನ ಮೇಲೆ ಮರೆತು ಬಂದೆ. ಬಸ್ಸಿನಲ್ಲಿ ಕೂತು ದಾರಿಯುದ್ದಕ್ಕೂ ತಿಂಗಳುಗಳನ್ನು ಜೋಡಿಸಿದೆ. ಅವನು ಹೇಳಿದ್ದು ಶ್ರಾವಣ. ನೀನು ನನ್ನ ಕತೆಗಳನ್ನು ಇಳಿಸಿದ್ದು ಭಾದ್ರಪದ. ನಾಲ್ಕು ಸೆಕೆಂಡು ಯಾರ ಬೆರಳಿನದು ಅಂತ ತಿಳಿದ ಮೇಲೂ ನೀನು ಆ ಬೆರಳನ್ನು ನನ್ನ ಬಾಯಿಯ ಮೇಲೆ ಇಟ್ಟೆ.

ಮನೆಗೆ ಬಂದವಳು ಕೈಕಾಲು ತೊಳೆದು ನೀನು ಬಿಟ್ಟುಹೋದ ಕಂಪ್ಯೂಟರ್ ತೆರೆದೆ. ಪಾಸ್‌ವರ್ಡು ಕ್ಯಾಲೆಂಡರಿನ ಹಿಂದೆ ನಿನ್ನ ಅಕ್ಷರದಲ್ಲೇ ಇತ್ತು. ನಾವು ಕಳಿಸಿದ ಪತ್ರಗಳಿಗೆ ಯಾರಾದರೂ ಉತ್ತರ ಬರೆದರೆ ಅದು ಬಂದು ಬೀಳಲು ಒಂದು ಡಬ್ಬ ಇದೆ ಅಂತ ನೀನು ಮೊದಲ ವರ್ಷ ಹೇಳಿದ್ದೆ, ಆಮೇಲೆ ಅದರ ಸುದ್ದಿಯೇ ಎತ್ತಲಿಲ್ಲ. ಅದನ್ನು ಹುಡುಕಿದೆ. ಜಾಹೀರಾತುಗಳ ನಡುವೆ ಹದಿನೇಳು ಕಾಗದ. ಹದಿನೇಳೂ ಯಾರೂ ತೆರೆಯದೆ ಕಪ್ಪಗೇ ಇದ್ದವು. ಎಲ್ಲ ಒಬ್ಬಳದೇ. ಅವಳ ಹೆಸರು ಮಂಜುಶ್ರೀ. ಹತ್ತನೇ ತರಗತಿಯಲ್ಲಿ ಲೆಕ್ಕದಲ್ಲಿ ನಪಾಸಾಗಿ, ಇಲ್ಲೇ ತುಮಕೂರಿನ ಅಂತರಸನಹಳ್ಳಿಯ ಒಂದು ಕಾರ್ಖಾನೆಯಲ್ಲಿ ಪ್ಯಾಕಿಂಗ್ ಕೆಲಸಕ್ಕೆ ಹೋಗುತ್ತಿರುವ ಹುಡುಗಿ. ಒಂದು ಗಂಟೆಗೆ ಊಟದ ಬೆಲ್ಲು. ಡಬ್ಬಿಯ ಊಟ ಹತ್ತು ನಿಮಿಷದಲ್ಲಿ ಮುಗಿಸಿ, ಕಾಂಪೌಂಡಿನ ನೆರಳಿನಲ್ಲಿ ಕೂತು ನನ್ನ ಪಾಠ ಕೇಳುವಳು. ನಿನ್ನ ಸರಾಸರಿ ಕೆಡಿಸಿದವಳು ಅವಳೇ.

ಓಬಳಮ್ಮನ ಕತೆ ನಾನು ಅರ್ಧಕ್ಕೆ ನಿಲ್ಲಿಸಿದ್ದೆ, ನಿನಗೆ ಗೊತ್ತು. ಓಬಳಮ್ಮ ಹುಣಸೆಹಣ್ಣಿನ ಉಂಡೆ ಜೋಡಿಸುತ್ತಾಳೆ, ಕೆಳಗಿನ ಸಾಲಿಗೆ ಇಪ್ಪತ್ತು, ಅದರ ಮೇಲೆ ಹತ್ತೊಂಬತ್ತು, ಹೀಗೆ ತುದಿಗೆ ಒಂದು. ಒಂದೊಂದಾಗಿ ಎಣಿಸದೆ ಒಟ್ಟು ಎಷ್ಟು ಅಂತ ಅವಳು ಹೇಗೆ ಹೇಳಿದಳು, ಬರೆದು ಕಳಿಸಿ, ಮುಂದಿನ ವಾರ ಹೇಳುತ್ತೇನೆ ಅಂದಿದ್ದೆ. ಆ ಮುಂದಿನ ವಾರ ಬರಲೇ ಇಲ್ಲ, ಅದರ ಬದಲು ನಿನ್ನ ಪ್ರಶ್ನೆಕೋಶ ಬಂತು. ಮಂಜುಶ್ರೀ ಅದೇ ಸಂಜೆ ಬರೆದಿದ್ದಾಳೆ. ಇಪ್ಪತ್ತಕ್ಕೆ ಒಂದು ಸೇರಿಸಿದರೂ ಇಪ್ಪತ್ತೊಂದು, ಹತ್ತೊಂಬತ್ತಕ್ಕೆ ಎರಡು ಸೇರಿಸಿದರೂ ಇಪ್ಪತ್ತೊಂದು, ಅಂಥ ಜೋಡಿ ಹತ್ತು, ಇನ್ನೂರ ಹತ್ತು ಉಂಡೆ, ಸರೀನಾ ಟೀಚರ್? ಅದರ ಕೆಳಗೆ, ಆಮೇಲೆ ಓಬಳಮ್ಮ ಏನ್ ಮಾಡಿದಳು ಟೀಚರ್? ಸರಿಯುತ್ತರ ಕಣೋ. ಮೂವತ್ತು ವರ್ಷ ಪಾಠ ಮಾಡಿದ್ದೇನೆ, ಯಾರೂ ಹೇಳಿಕೊಡದೆ ಈ ಜೋಡಿಯನ್ನು ತಾವಾಗಿ ಕಂಡುಕೊಂಡ ಮಕ್ಕಳನ್ನು ಒಂದೇ ಕೈಯ ಬೆರಳಲ್ಲಿ ಎಣಿಸಬಹುದು. ಎಂಟು ತಿಂಗಳು ಅದು ಆ ಡಬ್ಬದಲ್ಲಿ ಬಿದ್ದಿತ್ತು. ಆಮೇಲಿನವು ಚಿಕ್ಕ ಚಿಕ್ಕ ಕಾಗದ. ಟೀಚರ್, ಕತೆ ಪಾಠ ಕಾಣ್ತಾ ಇಲ್ಲ. ಟೀಚರ್, ನನ್ನ ಫೋನ್ ಕೆಟ್ಟಿದೆಯಾ, ನೀವು ತೆಗೆದಿದೀರಾ. ಟೀಚರ್, ಹುಷಾರಾಗಿದೀರಾ. ಕೊನೆಯದು ಫೆಬ್ರವರಿಯದು. ನೀವು ಬಿಟ್ಟುಬಿಟ್ರಿ ಅನ್ಸುತ್ತೆ ಟೀಚರ್, ಮಾರ್ಚಿನ ಪರೀಕ್ಷೆಗೆ ನಾನು ಹೆಸರು ಕೊಡಲಿಲ್ಲ, ತೊಂದರೆ ಕೊಟ್ಟಿದ್ದಕ್ಕೆ ಕ್ಷಮಿಸಿ.

ಅವಳು ಕಾಗದದ ಕೆಳಗೆ ಬರೆದಿದ್ದ ನಂಬರಿಗೆ ಮರುದಿನ ಒಂದು ಗಂಟೆ ಹತ್ತು ನಿಮಿಷಕ್ಕೆ ಫೋನ್ ಮಾಡಿದೆ. ಯಾವ ಟೀಚರ್ ಅಂದಳು. ಹೇಳಿದೆ. ಇಷ್ಟು ದಿನ ನಾನು ಬರ್ದಿದ್ದು ನಿಮಗೆ ತಲುಪ್ತಿರಲಿಲ್ವಾ ಟೀಚರ್ ಅಂತ ಕೇಳಿದಳು. ತಲುಪುತ್ತಿತ್ತಮ್ಮ, ನನ್ನ ಮನೆಯ ಕಂಪ್ಯೂಟರಿಗೇ ಬರುತ್ತಿತ್ತು, ನಾವು ಬೇರೆಯವರನ್ನು ಎಣಿಸುತ್ತಿದ್ದೆವು ಅಂದೆ. ಅವಳು ಬೈಯಲಿಲ್ಲ. ಈಗ ಊಟ ಆದ್ಮೇಲೆ ಮಲಗೋದು ಅಭ್ಯಾಸ ಆಗೋಗಿದೆ ಟೀಚರ್ ಅಂದಳು. ಬೈದಿದ್ದರೆ ಚೆನ್ನಾಗಿತ್ತು. ಬೇಡಿಕೊಂಡೆ ಅಂತಲೇ ಇಟ್ಟುಕೋ, ಜೂನ್ ಕೊನೆಯ ವಾರದ ಪರೀಕ್ಷೆಗೆ ಹೆಸರು ಕೊಡು ಅಂತ ಒಪ್ಪಿಸಿದೆ. ಈಗ ದಿನಾ ಮಧ್ಯಾಹ್ನ ಫೋನಿನಲ್ಲಿ ಅವಳೊಬ್ಬಳಿಗೆ ಪಾಠ. ಆದರೆ ಕಷ್ಟ ಇದೆ. ರೆಕಾರ್ಡಾದರೆ ಗೊತ್ತಾಗದ ಕಡೆ ನಿಲ್ಲಿಸಿ ಮೂರು ಸಲ ಹಿಂದಕ್ಕೆ ಹೋಗಿ ಕೇಳುತ್ತಿದ್ದಳಂತೆ. ಟೀಚರನ್ನು ಹಿಂದಕ್ಕೆ ಹೋಗಿ ಅನ್ನಲು ಅವಳಿಗೆ ಸಂಕೋಚ, ಅರ್ಥ ಆಗದಿದ್ದರೂ ಹೂಂ ಅಂದುಬಿಡುತ್ತಾಳೆ. ನನಗೆ ಆ ಹೂಂ ಗೊತ್ತಾಗುತ್ತದೆ. ಅವಳ ಬಾಯಿಗೂ ಹೂಂ ಕಲಿಸಿಬಿಟ್ಟೆವಲ್ಲೋ ಅನ್ನಿಸುತ್ತದೆ. ಅವಳಿಗೆ ಬೇಕಾಗಿರುವುದು ಆ ಮೂವತ್ತೊಂದು ಪಾಠ. ನಾನು ಬರೆದಿಟ್ಟುಕೊಂಡು ಹೇಳಿದವಳಲ್ಲ, ಒಂದು ಹಾಳೆಯೂ ಇಲ್ಲ. ಇರುವುದು ನೀನು ರೆಕಾರ್ಡುಗಳನ್ನೆಲ್ಲ ತುಂಬಿಟ್ಟ ಆ ಕಪ್ಪು ಡಿಸ್ಕಿನಲ್ಲಿ ಮಾತ್ರ. ಅದನ್ನು ಕುಣಿಗಲ್‌ಗೆ ಒಯ್ದಿದ್ದೀಯ. ಅಳಿಸಿಲ್ಲ ಅಂದುಕೊಂಡಿದ್ದೇನೆ.

ನಿನ್ನ ಕುರ್ಚಿಗೆ ನಾನು ಕೈ ಹಾಕುವುದಿಲ್ಲ. ಕುಣಿಗಲ್‌ನವರಿಗೆ ನಾನಾಗಿ ಏನನ್ನೂ ಹೇಳುವುದಿಲ್ಲ, ಅವರೇ ಬಂದು ಕೇಳಿದರೆ ಸುಳ್ಳೂ ಹೇಳುವುದಿಲ್ಲ. ಇನ್ನು ಶನಿವಾರ ಪ್ರಶ್ನೆಗೆ ಅಂತ ಫೋನ್ ಮಾಡಬೇಡ, ಶಿವಮೂರ್ತಿಯ ಬೆರಳಿಗೆ ಪ್ರಶ್ನೆ ಕೊಡುವುದು ನನ್ನಿಂದ ಆಗದು. ಅವನಿಗಂತೂ ಭಿನ್ನರಾಶಿ ಇನ್ನೂ ಬಂದಿಲ್ಲ.

ಉಮಾಗೆ ನನ್ನ ಪ್ರೀತಿ, ಭೂಮಿಕಾಗೆ ಮುತ್ತು. ಹೊತ್ತಿಗೆ ಸರಿಯಾಗಿ ಊಟ ಮಾಡು. ಎಷ್ಟಾದರೂ ನೀನು ನನ್ನ ಸೊಂಟದ ಮೇಲೆ ಬೆಳೆದವನು, ನಿನಗೆ ಕೇಡಾಗಲಿ ಅನ್ನಲು ಬಾಯಿ ಬರುವುದಿಲ್ಲ.

ಇಂತು ನಿನ್ನ ಅಕ್ಕ,
ಸರ್ವಮಂಗಳ

ತಾ.ಕ.: ಲಕೋಟೆ ಅಂಟಿಸಿದವಳು ಬಿಚ್ಚಿ ಬರೆಯುತ್ತಿದ್ದೇನೆ. ಬರೆಯುವುದು ಬೇಡ ಅಂದುಕೊಂಡಿದ್ದೆ. ಆ ಸೋಮವಾರ ಕಂಪ್ಯೂಟರಿನಲ್ಲಿ ಮಂಜುಶ್ರೀಯ ಹೆಸರು ನಮ್ಮ ಪಟ್ಟಿಯಲ್ಲಿ ಇದೆಯಾ ಅಂತ ಹುಡುಕುತ್ತಾ ಕೆಳಗೆ ಹೋದಾಗ ಅವಳದರ ಜೊತೆ ನಿನ್ನ ಹೆಸರೂ ಸಿಕ್ಕಿತು. ಮೊದಲ ವಾರ ಸರಿಯಾಗಿ ಹೋಗುತ್ತದೋ ನೋಡಲು ಅಂತ ನಿನ್ನ ವಿಳಾಸವನ್ನೇ ಮೊದಲು ಸೇರಿಸಿದ್ದೆಯಲ್ಲ. ಹೆಸರಿನ ಮುಂದೆ ಲೆಕ್ಕ ಇತ್ತು, ನೀನೇ ನೋಡಲು ಕಲಿಸಿದ ಲೆಕ್ಕ. ಕಳಿಸಿದ್ದು ನೂರ ನಲವತ್ತಮೂರು, ತೆರೆದದ್ದು ಸೊನ್ನೆ. ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದೆ. ಅಪ್ಪನ ಕತೆಯೂ ಅದರಲ್ಲಿತ್ತು, ನೀನು ಹೂಂ ಅಂದ ಕತೆ. ಇದು ತಲುಪಿದ್ದಕ್ಕೆ ಹೂಂ ಅಕ್ಕ ಅಂತ ಮೆಸೇಜ್ ಮಾಡಬೇಡ. ಡಿಸ್ಕ್ ಕಳಿಸು. ಹುಡುಗಿಯ ಪರೀಕ್ಷೆಗೆ ಇನ್ನು ಆರೇ ವಾರ.